ಸೀಸ, ನೀರು ಮತ್ತು ಅರಿಯದೆ ಮಾಡಿದ ಹಿಂಸೆ

ಸೀಸ ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟರೂ ಇಲ್ಲವಾಗುವುದಿಲ್ಲ. ಹೂವು, ಎಲೆ, ಅನ್ನ, ಅಸ್ಥಿ ನೀರಿಗೆ ಬಿದ್ದರೆ ಕೆಲವು ದಿನಗಳಲ್ಲೋ ವರ್ಷಗಳಲ್ಲೋ ಬೇರೆ ರೂಪ ತಾಳಿ ನೀರಿನ, ಮಣ್ಣಿನ, ಮೀನಿನ ಪಾಲಾಗುತ್ತವೆ. ಸೀಸಕ್ಕೆ ಆ ದಾರಿಯಿಲ್ಲ. ಯುರೇನಿಯಂ, ಥೋರಿಯಂನಂಥ ಅಸ್ಥಿರ ಧಾತುಗಳು ಕೋಟ್ಯಂತರ ವರ್ಷ ಒಡೆಯುತ್ತ ಬಂದು ಕೊನೆಗೆ ನಿಲ್ಲುವುದೇ ಸೀಸವಾಗಿ. ಅಲ್ಲಿಂದ ಮುಂದೆ ಅದಕ್ಕೆ ಬದಲಾವಣೆ ಎಂಬುದಿಲ್ಲ. ಕಾರ್ಬೊನೇಟು, ಆಕ್ಸೈಡು, ಸಲ್ಫೈಡು ಎಂದು ಜೊತೆಗಾರರನ್ನು ಬದಲಿಸಿಕೊಳ್ಳುತ್ತದೆ, ಅಷ್ಟೆ. ಕೂಡಿದ ವಸ್ತುಗಳು ನಶಿಸುತ್ತವೆ, ಪರಮಾಣು ನಶಿಸದು ಎಂದು ವೈಶೇಷಿಕ ದಾರ್ಶನಿಕರು ವಾದಿಸಿದ್ದುಂಟು. ಅವರ ಪರಮಾಣು ಇಂದಿನ ರಸಾಯನಶಾಸ್ತ್ರದ ಪರಮಾಣುವಲ್ಲ. ಆದರೂ ಕೆರೆಯ ತಳದಲ್ಲಿ ಕೂತ ಸೀಸದ ಮಟ್ಟಿಗೆ ಆ ಮಾತು ಸರಿಯೇ.

ನೀರಿಗೆ ಬಿಟ್ಟದ್ದನ್ನು ನೀರು ತನ್ನದಾಗಿಸಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಈ ನಾಡಿನ ಎಷ್ಟೋ ಆಚರಣೆಗಳು ನಿಂತಿವೆ. ಅಸ್ಥಿ ಬಿಡುವುದು, ಗಣಪತಿ ಮುಳುಗಿಸುವುದು, ಪೂಜೆಯ ನಿರ್ಮಾಲ್ಯವನ್ನು ಹೊಳೆಗೆ ಹಾಕುವುದು ಎಲ್ಲವೂ ಹಾಗೆ ಬಂದವು. ಹೂವಿಗೂ ಮಣ್ಣಿಗೂ ಈ ನಂಬಿಕೆ ಹೊಂದುತ್ತದೆ, ಸೀಸಕ್ಕೆ ಹೊಂದುವುದಿಲ್ಲ. ಆಗ ಧರ್ಮಶಾಸ್ತ್ರದ ಒಂದು ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ: ಯಾವ ಜೀವಿಗೂ ಕೇಡು ಬಯಸದವನು ಭಕ್ತಿಯಿಂದ ಮಾಡಿದ ಕೆಲಸದಿಂದ ನೀರಿನ ಜೀವಿಗಳು ಸತ್ತರೆ ಅದು ಹಿಂಸೆಯೇ? ಹಿಂಸೆಯಾದರೆ ಅದರ ಹೊಣೆ ಎಷ್ಟು?

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಲು ಕಾರಣವಿದೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನಲ್ಲಿರುವ ಈ ತಾಲ್ಲೂಕು ಕಟ್ಟಿನಿಲ್ಲಿಸಿದ ನೀರಿನ ಊರು. ಚಿಗಳ್ಳಿ, ಬಾಚಣಕಿ, ಸನವಳ್ಳಿ, ಅತ್ತಿವೇರಿ, ಮಳಗಿಯ ಧರ್ಮಾ ಜಲಾಶಯ ಇವೆಲ್ಲ ಮಳೆಗಾಲದ ಹಳ್ಳಗಳಿಗೆ ಒಡ್ಡು ಹಾಕಿ ಗದ್ದೆಗೆ ನೀರು ಕೊಡುವ ಕಟ್ಟೆಗಳು. ಚಿಗಳ್ಳಿಯ ದೀಪನಾಥೇಶ್ವರ ಗುಡಿ ಎಣ್ಣೆಯಿಲ್ಲದೆ ಉರಿಯುವ ದೀಪಗಳೆಂಬ ನಂಬಿಕೆಯಿಂದ ಸುತ್ತಲಿನ ಜಿಲ್ಲೆಗಳಲ್ಲಿ ಹೆಸರಾಯಿತು. ತಾಲ್ಲೂಕಿನಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆ. ಗಾದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಅಲ್ಲಿ ಮರುಸ್ಥಾಪನೆಗೊಂಡಿವೆ. ಪಕ್ಕದ ಶಿರಸಿ ತಾಲ್ಲೂಕಿನ ಸೋಂದೆಯಲ್ಲಿ ವಾದಿರಾಜರ ಮಠವೂ ಇದೆ, ಸ್ವಾದಿಯ ಜೈನ ಮಠವೂ ಇದೆ. ಹಿಂಸೆಯೆಂದರೇನು ಎಂದು ಎರಡೂವರೆ ಸಾವಿರ ವರ್ಷಗಳಿಂದ ಪರಸ್ಪರ ವಾದಿಸುತ್ತ ಬಂದ ಬೌದ್ಧ, ವೈದಿಕ, ಜೈನ ಪರಂಪರೆಗಳು ಮೂರೂ ಒಂದೇ ಮಳೆಯ ನೀರು ಕುಡಿಯುತ್ತಿವೆ.

ಕೃಷಿಯೇ ಪ್ರಧಾನವಾದ ಇಂಥ ನಾಡಿಗೆ ಸೀಸ ಬರುವುದು ಸಣ್ಣಸಣ್ಣ ದಾರಿಗಳಿಂದ. ಬಣ್ಣ ಮೊದಲನೆಯದು. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟು, ಕಿತ್ತಳೆಗೆಂಪಿಗೆ ಸೀಸದ ಆಕ್ಸೈಡು, ಬಿಳುಪಿಗೆ ಸೀಸದ ಕಾರ್ಬೊನೇಟು ಬಹುಕಾಲ ಬಳಕೆಯಲ್ಲಿದ್ದವು. ಸಿಂಧೂರವೆಂದು ಮಾರುತ್ತಿದ್ದ ಕಿತ್ತಳೆಗೆಂಪು ಪುಡಿಯೂ ಹೆಚ್ಚಾಗಿ ಈ ಆಕ್ಸೈಡೇ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡುವ ಮನೆಯ ಕುಂಕುಮ ಬೇರೆ. ಎರಡನೆಯದು ಟ್ರ್ಯಾಕ್ಟರ್ ಮತ್ತು ಇನ್ವರ್ಟರ್‌ಗಳ ಹಳೆಯ ಬ್ಯಾಟರಿ. ಇದನ್ನು ಗುಜರಿಯ ಹಿತ್ತಿಲಲ್ಲಿ ಒಡೆದು ಆಮ್ಲವನ್ನು ಚರಂಡಿಗೆ ಸುರಿದರೆ ಸೀಸವೂ ಅದರೊಡನೆ ಹರಿಯುತ್ತದೆ. ಮೂರನೆಯದು ಬೀಸುಬಲೆ. ಬಲೆಯ ಅಂಚಿನುದ್ದಕ್ಕೂ ಪೋಣಿಸಿದ ಸೀಸದ ಗುಂಡುಗಳ ಭಾರಕ್ಕೇ ಅದು ನೀರಿನ ಮೇಲೆ ಬಟ್ಟಲಂತೆ ಅರಳಿ ಒಮ್ಮೆಲೇ ತಳ ಕಾಣುತ್ತದೆ. ಬೊಡ್ಡೆಗೋ ಕಲ್ಲಿಗೋ ಸಿಕ್ಕಿ ಹರಿದಾಗ ನಾಲ್ಕಾರು ಗುಂಡು ಕೆರೆಯಲ್ಲೇ ಉಳಿಯುತ್ತವೆ. ಪೆಟ್ರೋಲಿನ ದಾರಿಯೊಂದು ಈಗ ಮುಚ್ಚಿದೆ. ಎಂಜಿನ್ನಿನ ಬಡಿತ ತಗ್ಗಿಸಲು 1920ರ ದಶಕದಿಂದ ಪೆಟ್ರೋಲಿಗೆ ಸೇರಿಸುತ್ತಿದ್ದ ಟೆಟ್ರಾಈಥೈಲ್ ಸೀಸ ಹೊಗೆಯೊಡನೆ ಹೊರಬಿದ್ದು ಮಳೆಯೊಡನೆ ಇಳಿಯುತ್ತಿತ್ತು. ಭಾರತ ಅದನ್ನು 2000ದಲ್ಲಿ ಕೈಬಿಟ್ಟಿತು, ಅಲ್ಜೀರಿಯ ಎಲ್ಲರಿಗಿಂತ ಕೊನೆಗೆ 2021ರಲ್ಲಿ. ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1960ರ ದಶಕದಲ್ಲಿ ಸಾಗರದ ಮೇಲ್ನೀರಿನಲ್ಲಿ ಆಳದ ನೀರಿಗಿಂತ ಹೆಚ್ಚು ಸೀಸವಿರುವುದನ್ನೂ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅದು ಏರುತ್ತ ಬಂದಿರುವುದನ್ನೂ ಅಳೆದು ತೋರಿಸಿದ. ಮನುಷ್ಯರೇ ಇಲ್ಲದ ಕಡೆಗೂ ಮನುಷ್ಯನ ಸೀಸ ತಲುಪಿತ್ತು.

ಕೆರೆಗೆ ಬಿದ್ದ ಸೀಸ ಹೆಚ್ಚು ಹೊತ್ತು ನೀರಿನಲ್ಲಿ ಕರಗಿರುವುದಿಲ್ಲ. ಇದೇ ಮೋಸದ ಸಂಗತಿ. ಜೇಡಿಯ ಕಣ, ಕೊಳೆತ ಎಲೆಯಿಂದ ಬಂದ ಹ್ಯೂಮಿಕ್ ಆಮ್ಲ, ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡುಗಳಿಗೆ ಅದು ಬಿಗಿಯಾಗಿ ಅಂಟಿಕೊಂಡು ಕೆಳಗಿಳಿಯುತ್ತದೆ. ನೀರು ಗಡುಸಾಗಿದ್ದರೆ ಕಾರ್ಬೊನೇಟಾಗಿ ಗರಣೆಗಟ್ಟುತ್ತದೆ. ಹಾಗಾಗಿ ಮೇಲಿನ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಕಳಿಸಿದರೆ ಅಂಕಿ ಚಿಕ್ಕದಾಗಿಯೇ ಬರಬಹುದು, ತಳದ ಕೆಸರಿನಲ್ಲಿ ಅದರ ಸಾವಿರಾರು ಪಟ್ಟು ಇರಬಹುದು. ಮುಂಡಗೋಡದ ಕಡೆಯ ಜಂಬಿಟ್ಟಿಗೆ ಮಣ್ಣು ಕಬ್ಬಿಣದ ಆಕ್ಸೈಡಿನಿಂದಲೇ ಕೆಂಪಾದದ್ದು. ಅಂಥ ಮಣ್ಣಿನ ಹೂಳು ಸೀಸವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಘಟ್ಟದ ಮಳೆನೀರು ಸಾಮಾನ್ಯವಾಗಿ ಮೆದು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಮೆದುನೀರಿನಲ್ಲಿ, ಅದರಲ್ಲೂ ತುಸು ಆಮ್ಲೀಯವಾದಾಗ, ಕರಗಿ ಉಳಿಯುವ ಸೀಸದ ಪಾಲು ಹೆಚ್ಚುತ್ತದೆ, ಅಷ್ಟೇ ಸೀಸ ಮೀನಿಗೆ ಹೆಚ್ಚು ವಿಷವೂ ಆಗುತ್ತದೆ. ಒಂದೇ ನೆಲ ಹೀಗೆ ಕಾಯುವುದೂ ಉಂಟು, ಕೈಬಿಡುವುದೂ ಉಂಟು.

ಹಿಡಿದದ್ದು ಹಿಡಿದೇ ಇರುತ್ತದೆಂಬ ಭರವಸೆಯೂ ಇಲ್ಲ. ಬೇಸಿಗೆಯಲ್ಲಿ ನೀರು ಕುಗ್ಗಿ ತಳದಲ್ಲಿ ಆಮ್ಲಜನಕ ತೀರಿದರೆ ಕಬ್ಬಿಣದ ಆಕ್ಸೈಡು ಕರಗುತ್ತದೆ, ಅದಕ್ಕೆ ಅಂಟಿದ್ದ ಸೀಸ ಸಡಿಲಗೊಳ್ಳುತ್ತದೆ. ಅಲ್ಲಿ ಗಂಧಕವಿದ್ದರೆ ಸಲ್ಫೈಡಾಗಿ ಮತ್ತೆ ಸೆರೆಯಾಗುತ್ತದೆ. ಕೆರೆ ಪೂರ್ತಿ ಒಣಗಿ ಕೆಸರು ಬಿರುಕುಬಿಟ್ಟು ಗಾಳಿ ತಾಗಿದಾಗ ಆ ಸಲ್ಫೈಡೂ ಒಡೆಯುತ್ತದೆ. ಆಗಲೇ ಊರವರು ಕೆರೆಗೆ ಇಳಿಯುವುದು. ಏಪ್ರಿಲ್, ಮೇ ತಿಂಗಳಲ್ಲಿ ಗೋಡು ಮಣ್ಣು ತೆಗೆದು ಟ್ರೇಲರ್ ತುಂಬಿ ಹೊಲಕ್ಕೆ ಹಾಕುವುದು ಬಯಲುಸೀಮೆಯ ಉದ್ದಗಲಕ್ಕೂ ಇರುವ ಒಳ್ಳೆಯ ಪದ್ಧತಿ. ಮಣ್ಣಿಗೆ ಸತ್ವ ಬರುತ್ತದೆ, ಕೆರೆಯ ಹೊಟ್ಟೆಯೂ ದೊಡ್ಡದಾಗುತ್ತದೆ. ಕೆರೆಯ ತಳದಲ್ಲಿ ಸೀಸ ಕೂತಿದ್ದರೆ ಅದೇ ಟ್ರೇಲರಿನಲ್ಲಿ ಅದೂ ಗದ್ದೆಗೆ ಹೋಗುತ್ತದೆ. ಗದ್ದೆಯಲ್ಲಿ ಬಹುಪಾಲು ಬೇರಿನ ಹತ್ತಿರವೇ ನಿಲ್ಲುತ್ತದೆ, ಕಾಳಿಗೆ ಏರುವುದು ಸ್ವಲ್ಪ. ಮೊದಲ ದೊಡ್ಡ ಮಳೆಗೆ ಒಂದು ಪಾಲು ಬದು ದಾಟಿ ಕೆಳಗಿನ ಕೆರೆಗೆ ಇಳಿಯುತ್ತದೆ.

ಮೀನಿನ ಕಿವಿರು ಉಸಿರಾಟಕ್ಕೆ ಮಾತ್ರವಲ್ಲ, ನೀರಿನಿಂದ ಉಪ್ಪು ಮತ್ತು ಕ್ಯಾಲ್ಸಿಯಂ ಹೀರುವುದಕ್ಕೂ ಬೇಕು. ಸೀಸದ ಅಯಾನು ಕ್ಯಾಲ್ಸಿಯಂ ಅಯಾನನ್ನು ಹೋಲುತ್ತದೆ. ಕ್ಯಾಲ್ಸಿಯಂ ಒಳಬರುವ ಬಾಗಿಲಿನಿಂದಲೇ ಅದು ರಕ್ತಕ್ಕೆ ಸೇರುತ್ತದೆ, ಹೊಕ್ಕಮೇಲೆ ಆ ಬಾಗಿಲನ್ನೂ ಅಡ್ಡಗಟ್ಟುತ್ತದೆ. ಮೆದುನೀರಿನಲ್ಲಿ ಪೈಪೋಟಿಗೆ ಕ್ಯಾಲ್ಸಿಯಂ ಇಲ್ಲದ್ದರಿಂದ ಸೀಸಕ್ಕೆ ದಾರಿ ಸಲೀಸು. ಪ್ರಮಾಣ ಹೆಚ್ಚಿದ್ದರೆ ರಕ್ತದ ಕ್ಯಾಲ್ಸಿಯಂ, ಸೋಡಿಯಂ ಕುಸಿದು ಮೀನು ಕೆಲವೇ ದಿನಗಳಲ್ಲಿ ಸಾಯುತ್ತದೆ. ಕಿವಿರಿನ ಲೋಳೆ ಗಟ್ಟಿಯಾಗಿ ಉಸಿರು ಕಟ್ಟುವುದೂ ಉಂಟು. ಕಡಿಮೆ ಪ್ರಮಾಣ ತಿಂಗಳುಗಟ್ಟಲೆ ಸಿಕ್ಕಿದರೆ ಬೇರೆ ಕಥೆ. ರಕ್ತದ ಕೆಂಪನ್ನು ಕಟ್ಟುವ ಕಿಣ್ವವೊಂದು ಸೀಸಕ್ಕೆ ಬೇಗ ಮಣಿಯುತ್ತದೆ, ಮೀನು ರಕ್ತಹೀನವಾಗುತ್ತದೆ. ಪ್ರಯೋಗಾಲಯದ ಟ್ರೌಟ್ ಮೀನುಗಳಲ್ಲಿ ಬಾಲದ ಕಡೆಯ ಚರ್ಮ ಕಪ್ಪಾಗಿ ಬೆನ್ನೆಲುಬು ಡೊಂಕಾದದ್ದು ಎಷ್ಟೋ ಬಾರಿ ಕಂಡಿದೆ. ನರಮಂಡಲ ಕೆಟ್ಟ ಮೀನು ಎರೆಯನ್ನು ನೋಡಿಯೂ ಹಿಡಿಯಲು ತಪ್ಪುತ್ತದೆ. ಅಂಥ ಮೀನು ಸತ್ತು ತೇಲುವುದಿಲ್ಲ. ಸೊರಗುತ್ತದೆ, ಮಿಂಚುಳ್ಳಿಗೆ ಬೇಗ ಸಿಗುತ್ತದೆ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ದಂಡೆಯಲ್ಲಿ ನಿಂತವನ ಕಣ್ಣಿಗೆ ಕೆರೆ ಎಂದಿನಂತೆಯೇ ಇರುತ್ತದೆ.

ಮೀನಿಗಿಂತ ಮೊದಲು ಪೆಟ್ಟು ತಿನ್ನುವುದು ಬಸವನಹುಳು. ಚಿಪ್ಪು ಕಟ್ಟಲು ಅದು ನೀರಿನಿಂದ ಸತತವಾಗಿ ಕ್ಯಾಲ್ಸಿಯಂ ಎಳೆಯಬೇಕು, ಆ ಎಳೆತಕ್ಕೇ ಸೀಸವೂ ಬರುತ್ತದೆ. ಕೊಳದ ಬಸವನಹುಳುವಿನ ಮರಿಗಳ ಬೆಳವಣಿಗೆ ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಸೀಸಕ್ಕೆ ಕುಂಠಿತವಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಲೀಟರಿಗೆ 10 ಮೈಕ್ರೊಗ್ರಾಂ ಎಂಬುದು ಭಾರತೀಯ ಮಾನಕ ಸಂಸ್ಥೆ ಮನುಷ್ಯರ ಕುಡಿಯುವ ನೀರಿಗೆ ಇಟ್ಟ ಮಿತಿ. ಮನುಷ್ಯ ಕುಡಿಯಬಹುದೆಂದು ಮಾನಕ ಒಪ್ಪಿದ ನೀರಿನಲ್ಲೂ ಬಸವನಹುಳುವಿನ ಮರಿ ಸರಿಯಾಗಿ ಬೆಳೆಯಲಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಮಧ್ಯಮ ಗಡುಸಿನ ನೀರಿನಲ್ಲಿ ದೀರ್ಘಕಾಲದ ಒಡ್ಡಿಕೆಗೆ, ಜಲಚರಗಳ ಮಿತಿಯನ್ನು ಸುಮಾರು 2.5 ಮೈಕ್ರೊಗ್ರಾಂ ಎಂದಿಟ್ಟಿದೆ. ಮೆದುನೀರಿಗೆ ಅದು ಇನ್ನೂ ಕಡಿಮೆ. ಶುದ್ಧ ನೀರು ಎಂಬುದು ಯಾರ ಲೆಕ್ಕದಲ್ಲಿ ಶುದ್ಧ ಎಂದು ಕೇಳಲು ಈ ಎರಡು ಅಂಕಿಗಳೇ ಸಾಕು.

ಪಾದರಸದಂತೆ ಸೀಸ ಆಹಾರಸರಪಳಿಯಲ್ಲಿ ಮೇಲೇರುತ್ತ ಗಾಢವಾಗುವುದಿಲ್ಲ. ಪಾಚಿಯಲ್ಲಿ ಹೆಚ್ಚು, ಹುಳುವಿನಲ್ಲಿ ಕಡಿಮೆ, ದೊಡ್ಡ ಮೀನಿನಲ್ಲಿ ಇನ್ನೂ ಕಡಿಮೆ. ಮೀನಿನಲ್ಲೂ ಅದು ಎಲುಬು, ಹುರುಪೆ, ಕಿವಿರು, ಮೂತ್ರಪಿಂಡ, ಯಕೃತ್ತುಗಳಲ್ಲಿ ಕೂಡುತ್ತದೆ, ತಿನ್ನುವ ಖಂಡದಲ್ಲಿ ಅಷ್ಟಿಲ್ಲ. ಕಾಟ್ಲಾ, ರೋಹು ತಿನ್ನುವವರಿಗೆ ಇದು ಸಮಾಧಾನದ ಸುದ್ದಿ. ಮುಳ್ಳುಸಮೇತ ಹುರಿದು ತಿನ್ನುವ ಚಿಕ್ಕ ಮೀನಿನ ವಿಷಯ ಬೇರೆ. ಕೆಸರು ಕೆದಕಿ ತಿನ್ನುವ ಮೃಗಾಲ್ ಕೂಡ ಮೇಲ್ನೀರಿನ ಕಾಟ್ಲಾಕ್ಕಿಂತ ತಳದ ಸೀಸಕ್ಕೆ ಹತ್ತಿರ.

ಹಕ್ಕಿಗಳಿಗೆ ಅಪಾಯ ಇಡೀ ಗುಂಡಿನ ರೂಪದಲ್ಲಿ ಬರುತ್ತದೆ. ಅತ್ತಿವೇರಿ ಜಲಾಶಯದ ಸುತ್ತ ಪಕ್ಷಿಧಾಮವಿದೆ. ಬಿಳಿ ಕೆಂಬರಲು, ಚಮಚಕೊಕ್ಕು, ನೀರುಕಾಗೆಗಳಿಗೆ ಅದು ಹೆಸರಾದ ಜಾಗ. ಕಾಳು ತಿನ್ನುವ ನೀರುಹಕ್ಕಿಗಳು, ಮುಖ್ಯವಾಗಿ ಬಾತುಗಳು, ಜೀರ್ಣಕ್ಕೆಂದು ಹರಳು ನುಂಗುತ್ತವೆ. ಹರಳೆಂದು ಬಲೆಯ ಗುಂಡನ್ನೋ ಬಂದೂಕಿನ ಚರೆಯನ್ನೋ ನುಂಗಿದರೆ ಅದು ಹೊಟ್ಟೆಯ ಆಮ್ಲದಲ್ಲಿ ಅರೆದು ಕರಗಿ ವಾರಗಳಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದವು. ಅಲ್ಲಿ 1987ರಲ್ಲಿ ಗಾಳದ ಸಣ್ಣ ಸೀಸಗುಂಡುಗಳ ಮಾರಾಟವನ್ನು ನಿಲ್ಲಿಸಿದ ಮೇಲೆ ಅವುಗಳ ಸಂಖ್ಯೆ ಚೇತರಿಸಿತು. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಲ್ಲಿ ಪೂರ್ತಿ ನಿಷೇಧಿಸಲಾಯಿತು.

ಇಷ್ಟು ಪ್ರಕೃತಿಯ ವ್ಯವಹಾರ. ಇದರಲ್ಲಿ ಪಾಪವೆಲ್ಲಿದೆ ಎಂಬುದಕ್ಕೆ ಭಾರತೀಯ ಚಿಂತನೆಯಲ್ಲಿ ಒಂದೇ ಉತ್ತರವಿಲ್ಲ. ಪಾಲಿ ಮಜ್ಝಿಮನಿಕಾಯದ ಉಪಾಲಿ ಸುತ್ತದಲ್ಲಿ ಈ ಜಗಳ ನೇರವಾಗಿಯೇ ಬರುತ್ತದೆ. ಮಹಾವೀರನ ಅನುಯಾಯಿ ದೀಘತಪಸ್ಸಿ ದೇಹದಿಂದ ಆದ ಕೃತ್ಯವೇ ಅತಿ ದೋಷಯುಕ್ತವೆನ್ನುತ್ತಾನೆ. ಬುದ್ಧ ಮನಸ್ಸಿನ ಕೃತ್ಯವೇ ಮುಖ್ಯವೆನ್ನುತ್ತಾನೆ. ಬೌದ್ಧರ ಲೆಕ್ಕದಲ್ಲಿ ಚೇತನೆ, ಅಂದರೆ ಸಂಕಲ್ಪವೇ ಕರ್ಮ. ಕೊಲ್ಲುವ ಸಂಕಲ್ಪವಿಲ್ಲದೆ ಕಾಲಡಿ ಸತ್ತ ಇರುವೆ ಕರ್ಮಬಂಧ ತರದು. ಹಾಗಾದರೆ ಬಣ್ಣದ ಗಣಪನನ್ನು ಕೆರೆಗೆ ಬಿಟ್ಟವನಿಗೆ ದೋಷವಿಲ್ಲ ಎಂದು ತೀರ್ಮಾನಿಸಿ ಎದ್ದು ಹೋಗಬಹುದಿತ್ತು.

ಆದರೆ ಬೌದ್ಧ ವಿನಯವೇ, ಅಂದರೆ ಭಿಕ್ಷುಗಳ ಶಿಸ್ತಿನ ನಿಯಮವೇ, ಅಲ್ಲಿಗೆ ನಿಲ್ಲುವುದಿಲ್ಲ. ಜೀವಿಗಳಿರುವ ನೀರೆಂದು ತಿಳಿದೂ ಭಿಕ್ಷು ಅದನ್ನು ಹುಲ್ಲಿಗೋ ಮಣ್ಣಿಗೋ ಸುರಿಯಬಾರದು, ಬಳಸಬಾರದು ಎಂಬ ನಿಯಮಗಳಿವೆ. ನೀರು ಸೋಸುವ ಬಟ್ಟೆ ಭಿಕ್ಷುವಿನ ಎಂಟು ಪರಿಕರಗಳಲ್ಲಿ ಒಂದು. ನೀರಿನಲ್ಲಿ ಉಗುಳುವುದಕ್ಕೂ ಮಲಮೂತ್ರ ಬಿಡುವುದಕ್ಕೂ ನಿಷೇಧವಿದೆ. ಇಲ್ಲೆಲ್ಲ ತಿಳಿವು ಮತ್ತು ಎಚ್ಚರಕ್ಕೆ ತೂಕ. ಸೋಸುವ ಬಟ್ಟೆ ಕೈಯಲ್ಲಿದ್ದೂ ಸೋಸದವನು ನನಗೆ ಕೊಲ್ಲುವ ಮನಸ್ಸಿರಲಿಲ್ಲ ಎಂದರೆ ವಿನಯ ಒಪ್ಪದು. ಸಂಕಲ್ಪದ ವಾದ ತಿಳಿಯದವನನ್ನು ಬಿಡಿಸುತ್ತದೆ, ತಿಳಿಯಲು ಒಲ್ಲದವನನ್ನು ಬಿಡಿಸುವುದಿಲ್ಲ.

ಜೈನರು ಬೇರೆ ದಾರಿಯಿಂದ ಬಂದು ಹೆಚ್ಚು ಕಡಿಮೆ ಅಲ್ಲಿಯೇ ತಲುಪುತ್ತಾರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಮಾದಕ್ಕೆ ಕಟ್ಟುತ್ತದೆ. ಎಚ್ಚರಗೇಡಿಯಾಗಿ ಪ್ರಾಣ ತೆಗೆಯುವುದೇ ಹಿಂಸೆ. ದೇಹದ ಕೃತ್ಯವನ್ನೇ ದೊಡ್ಡದು ಮಾಡಿದ ಪರಂಪರೆಯೂ ಹೀಗೆ ಮನಸ್ಸಿನ ಸ್ಥಿತಿಯನ್ನು ಒಳಗೆ ತಂದುಕೊಂಡಿತು. ಆಚರಣೆಯಲ್ಲಿ ಅವರ ಸೂಕ್ಷ್ಮ ಬೆರಗು ಹುಟ್ಟಿಸುವಂಥದ್ದು. ಶ್ರಾವಕರ, ಅಂದರೆ ಗೃಹಸ್ಥ ಜೈನರ, ಮನೆಯಲ್ಲಿ ಬಾವಿಯ ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೆಲಕ್ಕೆ ಝಾಡಿಸುವುದಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ಆ ನೀರನ್ನು ತಂದ ಬಾವಿಗೇ ಮೆಲ್ಲಗೆ ಇಳಿಸುತ್ತಾರೆ. ಒಂದು ಬಾವಿಯ ಜೀವಿ ಇನ್ನೊಂದು ಬಾವಿಯ ನೀರಿನಲ್ಲಿ ಬದುಕುತ್ತದೆಂಬ ಭರವಸೆಯಿಲ್ಲ. ಕಣ್ಣಿಗೆ ಕಾಣದ ಜೀವಿಯ ವಾಸಸ್ಥಾನದ ಬಗ್ಗೆ ಇಷ್ಟು ಯೋಚಿಸಿದವರು ಕಡಿಮೆ. ಜೈನ ವಿಂಗಡಣೆಯಲ್ಲಿ ಮೀನು ಪಂಚೇಂದ್ರಿಯ ಜೀವಿ, ಶಂಖದ ಜಾತಿಯ ಹುಳುಗಳು ಎರಡು ಇಂದ್ರಿಯದವು, ನೀರೇ ಏಕೇಂದ್ರಿಯ ಜೀವಿಗಳ ಕಾಯ. ಇಂದ್ರಿಯ ಹೆಚ್ಚಿದಂತೆ ಹಿಂಸೆಯ ಭಾರವೂ ಹೆಚ್ಚು ಎಂಬುದು ಅವರ ಎಣಿಕೆ. ಸೀಸ ಈ ಎಣಿಕೆಯನ್ನು ತಲೆಕೆಳಗು ಮಾಡುತ್ತದೆ. ಎರಡು ಇಂದ್ರಿಯದ ಹುಳು ಮೊದಲು ಸಾಯುತ್ತದೆ, ಅದನ್ನು ತಿಂದು ಬದುಕುವ ಐದು ಇಂದ್ರಿಯದ್ದು ಆಮೇಲೆ ಹಸಿಯುತ್ತದೆ. ಸೋಸುವ ಬಟ್ಟೆಯೂ ಇಲ್ಲಿ ನಿರುಪಯೋಗಿ. ಕರಗಿದ ಸೀಸ ಯಾವ ನೂಲಿಗೂ ಸಿಗದು, ನೀರು ಕಾಯಿಸಿದರೂ ಹೋಗದು.

ವೈದಿಕ ಪರಂಪರೆ ಅರಿಯದ ಹಿಂಸೆಯನ್ನು ಗೃಹಸ್ಥನ ಪಾಲಿಗೆ ಅನಿವಾರ್ಯವೆಂದು ಒಪ್ಪಿ ಮುಂದೆ ಹೋಗುತ್ತದೆ. ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ ಈ ಐದೂ ಮನೆಯೊಳಗಿನ ಕೊಲೆಯ ಜಾಗಗಳೆಂದು ಮನುಸ್ಮೃತಿ ಪಟ್ಟಿ ಮಾಡುತ್ತದೆ, ಅವುಗಳ ದೋಷಕ್ಕೆ ದಿನದ ಪಂಚಮಹಾಯಜ್ಞವನ್ನು ಪರಿಹಾರವಾಗಿ ಹೇಳುತ್ತದೆ. ಬದುಕಿದ್ದರೆ ಕೊಲ್ಲುತ್ತಲೇ ಇರುತ್ತೇವೆ, ದಿನವೂ ತೀರಿಸುತ್ತಿರಬೇಕು ಎಂಬ ಮನೋಭಾವ ಅದು. ಅದೇ ಗ್ರಂಥದ ನಾಲ್ಕನೆಯ ಅಧ್ಯಾಯ ನೀರಿಗೆ ಹಾಕಬಾರದವುಗಳಲ್ಲಿ ಮಲ, ಮೂತ್ರ, ಉಗುಳು, ರಕ್ತಗಳ ಜೊತೆಗೆ ವಿಷವನ್ನೂ ಹೆಸರಿಸುತ್ತದೆ. ಒಲೆಯ ಕಿಡಿಗೆ ಸತ್ತ ಹುಳುವಿಗೆ ಪರಿಹಾರವುಂಟು, ನೀರಿಗೆ ಹಾಕಿದ ವಿಷಕ್ಕೆ ಇರುವುದು ನಿಷೇಧ. ಈ ಎರಡನ್ನು ಬೇರೆಬೇರೆ ಇಟ್ಟಿರುವುದನ್ನು ಗಮನಿಸಬೇಕು.

ಅರಿಯದವನ ಹೊಣೆಯ ಬಗ್ಗೆ ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನ ಕಥೆಯಿದೆ. ಮಾಡದ ಕಳ್ಳತನಕ್ಕೆ ಶೂಲಕ್ಕೇರಿದ ಋಷಿ ಧರ್ಮದೇವತೆಯ ಬಳಿ ಹೋಗಿ ಕಾರಣ ಕೇಳುತ್ತಾನೆ. ಬಾಲ್ಯದಲ್ಲಿ ಕೀಟಗಳಿಗೆ ಕಡ್ಡಿ ಚುಚ್ಚಿದ್ದರ ಫಲ ಎಂಬ ಉತ್ತರ ಸಿಗುತ್ತದೆ. ತಿಳಿವಿಲ್ಲದ ವಯಸ್ಸಿನ ತಪ್ಪಿಗೆ ಇಂಥ ಶಿಕ್ಷೆಯೇ ಎಂದು ಕೆರಳಿದ ಮಾಂಡವ್ಯ ಧರ್ಮನನ್ನೇ ಮನುಷ್ಯನಾಗಿ ಹುಟ್ಟು ಎಂದು ಶಪಿಸುತ್ತಾನೆ, ಅವನೇ ವಿದುರ. ಹದಿನಾಲ್ಕು ವರ್ಷದೊಳಗೆ ಮಾಡಿದ್ದು ಪಾಪವಲ್ಲ ಎಂಬ ಮೇರೆಯನ್ನೂ ಹಾಕುತ್ತಾನೆ. ಕೀಟಕ್ಕೆ ಆದ ನೋವನ್ನು ಕಥೆ ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಅರಿಯದವನಿಗೆ ವಿನಾಯಿತಿ ಕೊಡುತ್ತದೆ, ಆ ವಿನಾಯಿತಿಗೆ ಅವಧಿಯನ್ನೂ ಗೊತ್ತುಮಾಡುತ್ತದೆ.

ಸೀಸದ ವಿಷಯದಲ್ಲಿ ಈ ಅವಧಿ ಯಾವಾಗ ಮುಗಿಯಿತೆಂದು ತಕ್ಕಮಟ್ಟಿಗೆ ಹೇಳಬಹುದು. ಸೀಸದ ವಿಷದ ಬಗ್ಗೆ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು 1999ರಲ್ಲಿ. ಅದೇ ನಗರದ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಸೀಸವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿ ವಿಸರ್ಜನೆಯ ಮಾರ್ಗಸೂಚಿಯನ್ನು 2010ರಲ್ಲಿ ಹೊರಡಿಸಿ 2020ರಲ್ಲಿ ಪರಿಷ್ಕರಿಸಿತು. ವಿಸರ್ಜನೆಗೆ ಮೊದಲು, ಆ ಹೊತ್ತಿನಲ್ಲಿ, ಆಮೇಲೆ ಹೀಗೆ ಮೂರು ಸಲ ನೀರಿನ ಪರೀಕ್ಷೆಯಾಗಬೇಕೆಂದಿತು. ಕರ್ನಾಟಕದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳ ಮೇಲೆ 2016ರಲ್ಲಿ ನಿಷೇಧ ಬಂತು. ಅದೇ ವರ್ಷ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂತು. ಈಗ ಯಾರೂ, ಕನಿಷ್ಠ ಬಣ್ಣ ಮಾಡುವವರು ಮತ್ತು ಪರವಾನಗಿ ಕೊಡುವವರು, ಹದಿನಾಲ್ಕರೊಳಗಿನವರಲ್ಲ.

ಇನ್ನೊಂದು ತೊಡಕು ಪ್ರಮಾಣದ್ದು. ನನ್ನ ಮನೆಯ ಒಂದು ಗೇಣು ಗಣಪನಿಂದ ಕೆರೆ ಕೆಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕಿ ನೋಡಬಹುದು. ಮೂರ್ತಿಯ ಮೇಲೆ 10 ಗ್ರಾಂ ಒಣ ಬಣ್ಣವಿದ್ದು ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸವಿದೆಯೆಂದು ಇಟ್ಟುಕೊಂಡರೆ ಸೀಸ 100 ಮಿಲಿಗ್ರಾಂ. ಅದು ಪೂರ್ತಿ ಕರಗಿದರೆ ಕುಡಿಯುವ ನೀರಿನ ಮಿತಿಗೆ ತರಲು 10,000 ಲೀಟರ್ ನೀರು ಬೇಕು, ಜಲಚರಗಳ 2.5 ಮೈಕ್ರೊಗ್ರಾಂ ಮಿತಿಗೆ 40,000 ಲೀಟರ್. ನಿಯಮದ 90 ಪಾಲಿನೊಳಗಿನ ಬಣ್ಣವಾದರೆ ಸೀಸ ಒಂದು ಮಿಲಿಗ್ರಾಮಿಗೂ ಕಡಿಮೆ, ಕುಡಿಯುವ ನೀರಿನ ಮಿತಿಯ ಲೆಕ್ಕ 90 ಲೀಟರಿನಲ್ಲಿ ಮುಗಿಯುತ್ತದೆ. ಒಂದು ದೊಡ್ಡ ಕೆರೆಗೆ ಒಂದು ಮೂರ್ತಿ ಲೆಕ್ಕಕ್ಕೇ ಬಾರದು, ನಿಜ. ಆದರೆ ಈ ವರ್ಷದ್ದು ಹೋಗಿ ಮುಂದಿನ ವರ್ಷದ್ದು ಬರುವುದಿಲ್ಲ. ಈ ವರ್ಷದ್ದರ ಮೇಲೆ ಮುಂದಿನ ವರ್ಷದ್ದು ಕೂರುತ್ತದೆ. ನೀರು ಕೋಡಿ ಬಿದ್ದು ಹರಿದರೂ ಕೆಸರು ಹರಿಯದು. ಪ್ರತಿಯೊಬ್ಬನ ಪಾಲು ನಗಣ್ಯವಾಗಿಯೂ ಮೊತ್ತ ಘೋರವಾಗುವ ಇಂಥ ಕೇಡಿಗೆ ಹಳೆಯ ಪ್ರಾಯಶ್ಚಿತ್ತ ಗ್ರಂಥಗಳಲ್ಲಿ ಸರಿಯಾದ ಜಾಗವಿಲ್ಲ. ಅವು ಪಾಪವನ್ನು ಒಬ್ಬೊಬ್ಬನ ಹೆಸರಿಗೆ ಬರೆಯುತ್ತವೆ. ಈ ಕೇಡು ಊರಿನ ಹೆಸರಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಧಾರ್ಮಿಕ ಸ್ವಾತಂತ್ರ್ಯದ ಮಾತು ಇಲ್ಲಿ ಬರುತ್ತದೆ, ಆದರೆ ಅದು ಕಾಣುವಷ್ಟು ಗಟ್ಟಿಯಲ್ಲ. ಸಂವಿಧಾನದ 25ನೆಯ ವಿಧಿ ಆ ಸ್ವಾತಂತ್ರ್ಯವನ್ನು ಸಾರ್ವಜನಿಕ ಆರೋಗ್ಯಕ್ಕೆ ಒಳಪಡಿಸಿಯೇ ಕೊಟ್ಟಿದೆ. 1976ರಲ್ಲಿ ಸೇರಿದ 51ಎ ವಿಧಿ ಕೆರೆ, ಹೊಳೆಗಳನ್ನು ಕಾಪಾಡುವುದನ್ನೂ ಜೀವಿಗಳ ಮೇಲೆ ಅನುಕಂಪವನ್ನೂ ಪೌರನ ಕರ್ತವ್ಯವೆಂದಿದೆ. ಕಾನೂನಿಗಿಂತ ಗಟ್ಟಿಯಾದ ಮಾತು ಪೂಜಾವಿಧಿಯಲ್ಲೇ ಇದೆ. ಮಣ್ಣಿನ ಮೂರ್ತಿಗೆ ಪ್ರಾಣಪ್ರತಿಷ್ಠೆ ಮಾಡಿ ದೇವರನ್ನು ಆವಾಹಿಸುತ್ತಾರೆ, ಕೊನೆಯ ದಿನ ಉತ್ತರಪೂಜೆ ಮಾಡಿ ಮೂರ್ತಿಯನ್ನು ತುಸು ಕದಲಿಸಿ ದೇವರನ್ನು ಬೀಳ್ಕೊಡುತ್ತಾರೆ. ಆಮೇಲೆ ಹೊತ್ತು ಸಾಗಿಸುವುದು ಮಣ್ಣನ್ನು. ಅದನ್ನು ಕೆರೆಗೆ ಹಾಕಿದರೂ ಹಿತ್ತಿಲ ಬಕೆಟ್ಟಿನಲ್ಲಿ ಕರಗಿಸಿದರೂ ಪೂಜೆಯ ಫಲದಲ್ಲಿ ವ್ಯತ್ಯಾಸವಿಲ್ಲ. ಬಣ್ಣವನ್ನಂತೂ ವಿಧಿ ಕೇಳಿಯೇ ಇಲ್ಲ. ಬೀದಿಗೆ ಬೀದಿ ಪೈಪೋಟಿಯ ಎತ್ತರದ ಮೂರ್ತಿ, ಮಿಂಚುವ ಬಣ್ಣ ಇವೆಲ್ಲ ಸಾರ್ವಜನಿಕ ಉತ್ಸವ ಬೆಳೆದಂತೆ ಬಂದವು. ತಿಲಕರು ಪುಣೆಯಲ್ಲಿ ಆ ಉತ್ಸವಕ್ಕೆ ಚಾಲನೆ ಕೊಟ್ಟದ್ದು 1893ರಲ್ಲಿ.

ಈ ಸೀಮೆಯ ಮಣ್ಣಿನ ದೇವರುಗಳ ಹಳೆಯ ಸಾಲು ಬೇರೆಯದೇ ಕಥೆ ಹೇಳುತ್ತದೆ. ಕಾರಹುಣ್ಣಿಮೆಯ ಬೆನ್ನಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಜಿಗುಟು ಮಣ್ಣು ತಂದು ಜೋಡಿ ಎತ್ತು ಮಾಡುತ್ತಾರೆ. ಹಿಡಿಯಷ್ಟು ಮಣ್ಣನ್ನು ಉದ್ದಕ್ಕೆ ಹೊಸೆದು ನಾಲ್ಕು ಕಾಲು ಹಿಂಡಿ ಎಬ್ಬಿಸಿ, ಹಿಣಿಲು ಚಿವುಟಿ, ಕೋಡು ತಿದ್ದಿ, ಜೋಳದ ಕಾಳಿನಲ್ಲೋ ಗುಲಗಂಜಿಯಲ್ಲೋ ಕಣ್ಣಿಟ್ಟರೆ ಎತ್ತು ಆಯಿತು. ಆಷಾಢದ ಮಂಗಳವಾರಗಳ ಗುಳ್ಳವ್ವ, ಭಾದ್ರಪದದಲ್ಲಿ ಗಣಪ ಹೋದಮೇಲೆ ಬುಟ್ಟಿಯಲ್ಲಿ ಮನೆಮನೆಗೆ ಬರುವ ಜೋಕುಮಾರ ಕೂಡ ಮಣ್ಣಿನವರೇ. ಜೋಕುಮಾರನ ಬಾಯಿಗೆ ಬೆಣ್ಣೆ, ಮೈಗೆ ಬೇವಿನ ತೊಪ್ಪಲು. ಇವರೆಲ್ಲ ನೀರಿಗೆ ಮರಳಿದಾಗ ಕೆರೆಗೆ ಅದರದೇ ಮಣ್ಣು ಸಿಗುತ್ತದೆ. ಇತ್ತೀಚೆಗೆ ಸಂತೆಯಲ್ಲಿ ಬಣ್ಣ ಬಳಿದ ಎತ್ತುಗಳೂ ಸಿಗುತ್ತವೆ ಎಂಬುದನ್ನು ಮರೆಯುವಂತಿಲ್ಲ. ಅರಿಶಿನ, ಕಾವಿಮಣ್ಣು, ಸುಣ್ಣ, ಇದ್ದಲಮಸಿಗಳಲ್ಲಿ ಹಳದಿ, ಕೆಂಪು, ಬಿಳಿ, ಕಪ್ಪು ಸುಲಭವಾಗಿ ಸಿಗುವಾಗ ಮೂರ್ತಿ ಮಾಡುವವರು ಪೇಟೆಯ ಬಣ್ಣಕ್ಕೆ ಹೋಗುವುದು ಹೊಳಪಿಗೆ ಮತ್ತು ಮಳೆಯಲ್ಲಿ ಅಳಿಸದಿರಲಿ ಎಂದು. ಗಿರಾಕಿ ಹೊಳಪನ್ನು ಕೇಳುವವರೆಗೆ ದೋಷವನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಬಲೆಗಾರನ ಸೀಸದ ಗುಂಡಿಗೂ ಇದೇ ಮಾತು. ಸುಟ್ಟ ಮಣ್ಣಿನ ಗುಂಡು ಬಲೆಗೆ ಹೊಸತಲ್ಲ, ಕಬ್ಬಿಣದ್ದನ್ನೂ ಕಟ್ಟಬಹುದು. ಸೀಸ ಗೆದ್ದದ್ದು ಕಡಿಮೆ ಕಾವಿಗೆ ಕರಗಿ ಮನೆಯಲ್ಲೇ ಎರಕ ಹೊಯ್ಯಲು ಬರುತ್ತದೆಂದು.

ಮಡಿ ಮೈಲಿಗೆಯ ವ್ಯವಸ್ಥೆಗೂ ಸೀಸಕ್ಕೂ ಒಂದು ಹೋಲಿಕೆಯಿದೆ. ಎರಡೂ ಕಣ್ಣಿಗೆ ಕಾಣವು, ಎರಡೂ ಮುಟ್ಟಿದರೆ ದಾಟುತ್ತವೆ. ಆದರೆ ಮೈಲಿಗೆ ನೀರಿನಿಂದ ಹೋಗುತ್ತದೆ, ಸೀಸ ನೀರಿಗೇ ಹೋಗಿ ಕೂರುತ್ತದೆ. ಮನುಷ್ಯರ ನಡುವೆ ಗೋಡೆ ಕಟ್ಟಲು ಬಳಕೆಯಾದ ಶುದ್ಧಿಯ ಕಲ್ಪನೆ, ಕೆರೆಯ ಕಡೆ ಮುಖ ಮಾಡಿದಾಗ ಕುರುಡಾಯಿತು. ಮಡಿಯುಟ್ಟು ಮಿಂದ ನೀರಿನಲ್ಲಿ ಏನಿದೆಯೆಂದು ಕೇಳುವ ಅಗತ್ಯ ಅದಕ್ಕೆ ಬೀಳಲಿಲ್ಲ. ಟಿಬೆಟಿಯನ್ ಬೌದ್ಧರಲ್ಲಿ ತ್ಸೆತರ್ ಎಂಬ ಪುಣ್ಯಕಾರ್ಯವಿದೆ, ಸಾವಿಗೆ ಸಿದ್ಧವಾದ ಮೀನು ಮೊದಲಾದ ಜೀವಿಗಳನ್ನು ಕೊಂಡು ಬಿಡುಗಡೆ ಮಾಡುವುದು. ಅಲ್ಲಿಯೂ ಒಂದು ಮೀನಿನ ಪ್ರಾಣದಷ್ಟೇ ಅದು ಸೇರುವ ನೀರು ಮುಖ್ಯ. ಬಸವನಹುಳು ಬದುಕದ ಕೆರೆಗೆ ಮೀನನ್ನು ಬಿಟ್ಟರೆ ಸಾವನ್ನು ಮುಂದೂಡಿದಂತಾಗುತ್ತದೆ, ತಪ್ಪಿಸಿದಂತಾಗುವುದಿಲ್ಲ.

ಆದ ಕೇಡನ್ನು ಸರಿಪಡಿಸುವ ದಾರಿಗಳು ಕೆಲವಿವೆ, ಒಂದೂ ಪೂರ್ಣವಲ್ಲ. ಸುಣ್ಣ ಹಾಕಿ ನೀರಿನ ಆಮ್ಲ ತಗ್ಗಿಸಿದರೆ ಕರಗಿದ ಸೀಸ ಕೆಳಗಿಳಿಯುತ್ತದೆ, ಕೆರೆಯಿಂದ ಹೊರಹೋಗದು. ಅಂತರಗಂಗೆ, ಲಾವಂಚಗಳ ಬೇರು ಸೀಸ ಹೀರುತ್ತದೆ. ಗಿಡವನ್ನು ಕಿತ್ತು ದಂಡೆಯಲ್ಲಿ ಕೊಳೆಯಲು ಬಿಟ್ಟರೆ ಮಳೆ ಅದನ್ನು ಮತ್ತೆ ಒಳಗೆ ತರುತ್ತದೆ, ದನಕ್ಕೆ ಹಾಕಿದರೆ ಹಾಲಿಗೂ ಎಲುಬಿಗೂ ಸೇರುತ್ತದೆ, ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ಹೂಳೆತ್ತಿದರೆ ತಳದ ಸೀಸ ಕದಡಿ ಕೆಲವು ದಿನ ನೀರು ಮೊದಲಿಗಿಂತ ಕೆಡುತ್ತದೆ. ವಿಸರ್ಜನೆಗೆಂದು ಪಟ್ಟಣಗಳಲ್ಲಿ ತಾಡಪಾಲು ಹಾಸಿ ಮಾಡುವ ತಾತ್ಕಾಲಿಕ ಹೊಂಡಗಳಿಂದ ಕೆರೆ ಉಳಿಯುತ್ತದೆ; ಹೊಂಡದ ತಳದಲ್ಲಿ ಉಳಿದ ಬಣ್ಣದ ರಾಡಿಯನ್ನು ಎಲ್ಲಿ ಹಾಕಬೇಕೆಂಬುದು ಮರುದಿನದ ಪ್ರಶ್ನೆ. ಊರಾಚೆಯ ಹಳ್ಳದಲ್ಲಿ ಸುರಿದರೆ ಹೊಂಡ ತೋಡಿದ ಖರ್ಚು ದಂಡ. ಮಳೆನೀರು ಇಂಗದಂತೆ ಕಟ್ಟಿದ, ಅಪಾಯಕಾರಿ ತ್ಯಾಜ್ಯಕ್ಕೆಂದೇ ಇರುವ ಗುಂಡಿಗೆ ಅದು ಹೋಗಬೇಕು. ಹಾಗೆ ಹೋದ ಮೇಲೂ ಅದರ ಕಾವಲು ತಪ್ಪದು, ಏಕೆಂದರೆ ಗುಂಡಿಯ ಹಾಸು ಸೀಸಕ್ಕಿಂತ ಮೊದಲು ಹಳತಾಗುತ್ತದೆ.